ಎಂಟನೆಯ ವಾರದ ಹಾಳೆ

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕು, ಅಷ್ಟರೊಳಗೆ ತುಟಿ ಬಿಚ್ಚಬಾರದು. ತಂಗಿ ಲೈಫ್ ಕೋಚಿಂಗ್ ತರಬೇತಿಯಲ್ಲಿ ಕಲಿತು ಬಂದ ವಿದ್ಯೆಗಳಲ್ಲಿ ಅಕ್ಕನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಹೇಗೂ ಅಕ್ಕ ಮಾತಿನವಳಲ್ಲ. ಹದಿನಾಲ್ಕು ವರ್ಷದಿಂದ ಬೈಂಡಿಂಗ್ ಅಂಗಡಿಯೊಂದರ ಮೂಲೆಯಲ್ಲಿ ಕೂತು, ಹಳೆಯ ಪುಸ್ತಕಗಳ ಬೆನ್ನು ಬಿಚ್ಚಿ, ಹರಿದಲ್ಲಿ ತೆಳು ಕಾಗದ ಅಂಟಿಸಿ, ಮತ್ತೆ ಹೊಲಿಯುವುದು ಅವಳ ಕೆಲಸ. ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡವಳಿಗೆ ಮಾತು ಎಲ್ಲಿಂದ ಬರಬೇಕು?

"ಹನ್ನೆರಡು ವಾರ ನಂಗೆ ಅಭ್ಯಾಸಕ್ಕೆ ಒಬ್ರು ಬೇಕು ಅಕ್ಕಾ. ಕೊನೇಗೆ ನೀನೊಂದು ಸಹಿ ಹಾಕಿದ್ರೆ ಸರ್ಟಿಫಿಕೇಟು ಸಿಗತ್ತೆ," ಎಂದು ತಂಗಿ ದುಂಬಾಲು ಬಿದ್ದಿದ್ದಳು.

"ನನ್ನ ಜೀವನ ಯಾವ ಪರೀಕ್ಷೇಲಿ ಫೇಲಾಗಿದೆ ಅಂತ ಈ ಟ್ಯೂಷನ್ನು?"

"ಟ್ಯೂಷನ್ ಅಲ್ಲ. ನಾನು ಬುದ್ಧಿ ಹೇಳೋ ಹಾಗೇ ಇಲ್ಲ. ಬರೀ ಕೇಳೋದು. ಉತ್ತರ ನಿನ್ನ ಹತ್ರಾನೇ ಇರತ್ತೆ."

"ನೀನು ಬುದ್ಧಿ ಹೇಳ್ದೆ ಒಂದು ಗಂಟೆ ಕೂತ್ಕೊಳ್ತೀಯಾ? ಅದನ್ನ ನೋಡೋಕಾದ್ರೂ ಬರ್ತೀನಿ."

ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ, ತಂಗಿಯ ಊಟದ ಮೇಜಿನ ಎದುರು. ಬರೆದುಕೊಳ್ಳಲು ಅಕ್ಕ ತಾನೇ ಒಂದು ನೋಟ್‌ಬುಕ್ ಹೊಲಿದುಕೊಟ್ಟಳು. ಕೆನೆಬಣ್ಣದ ದಪ್ಪ ಕಾಗದ. ನಾಲ್ಕು ಕಾಗದಗಳನ್ನು ಒಟ್ಟಿಗೆ ಮಡಚಿದರೆ ಎಂಟು ಹಾಳೆಯ ಒಂದು ಕಟ್ಟು. ಅಂಥ ಎರಡು ಕಟ್ಟು. ಬೆನ್ನಿನಲ್ಲಿ ಐದು ತೂತು, ಮೇಣ ಸವರಿದ ದಾರ. ವಾರಕ್ಕೊಂದು ಹಾಳೆ.

ಮೊದಲ ವಾರ ತಂಗಿ ಕೇಳಿದಳು: "ಮೂರು ವರ್ಷ ಆದ್ಮೇಲೆ ಒಂದು ಬೆಳಿಗ್ಗೆ ಎದ್ದು ನೀನು ಎಲ್ಲಿಗೆ ಹೋಗ್ತಿರ್ತೀಯ?" ಆಮೇಲೆ ಸುಮ್ಮನಾದಳು. ಗೋಡೆಯಾಚೆ ಯಾರದೋ ಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಎಣಿಕೆ ಏಳಕ್ಕೆ ಬಂದಿರಬೇಕು, ಅಕ್ಕ ಹೇಳಿಬಿಟ್ಟಳು: "ನಂದೇ ಒಂದು ಕೋಣೆಗೆ. ಉತ್ತರಕ್ಕೆ ಕಿಟಕಿ ಇರ್ಬೇಕು. ಹಳೇ ಪುಸ್ತಕ ರಿಪೇರಿಗೆ." ಹೇಳಿದ ಮೇಲೆ ಅವಳಿಗೇ ಅಚ್ಚರಿ. ಹದಿನಾಲ್ಕು ವರ್ಷ ಈ ಮಾತು ಎಲ್ಲಿ ಅಡಗಿ ಕೂತಿತ್ತು?

ಆಮೇಲಿನ ಕೆಲಸವೆಂದರೆ ಅಷ್ಟು ದೊಡ್ಡ ಆಸೆಯನ್ನು ವಾರದ ಅಳತೆಗೆ ಕತ್ತರಿಸುವುದು. "ಮುಂದಿನ ಶನಿವಾರದೊಳಗೆ ಯಾವ ಒಂದು ಕೆಲಸ ಮಾಡ್ತೀಯ?" ಒಂದು ವಾರ ಅಕ್ಕ ಗ್ರಂಥಾಲಯದವರ ಮುಂದೆ ಹೋಗಿ ನಿಂತಳು. ಮರುವಾರ ಅವರು ಬೆನ್ನು ಮುರಿದ ಮೂರು ನಿಘಂಟುಗಳನ್ನು ಕೊಟ್ಟು ಕಳಿಸಿದರು. ಅಂಗಡಿಯ ಮೇಸ್ತ್ರಿ ಛೇಡಿಸಿದ: "ಏನಮ್ಮಾ, ಇತ್ತೀಚೆಗೆ ತಲೆ ಎತ್ಕೊಂಡು ನಡೀತಿದ್ದೀಯ, ಕತ್ತು ಹಿಡ್ಕೊಂಡಿದೆಯಾ?" ಅಕ್ಕ ನಕ್ಕಳು. ಕೇಳುವವರೊಬ್ಬರಿದ್ದರೆ ಮನುಷ್ಯರು ಇಷ್ಟು ದೂರ ನಡೆಯಬಲ್ಲರೆಂದು ಅವಳಿಗೆ ಗೊತ್ತಿರಲಿಲ್ಲ.

ಎಂಟನೆಯ ವಾರದ ಹೊತ್ತಿಗೆ ಕೋಣೆಯೂ ಸಿಕ್ಕಿತ್ತು. ಗಡಿಯಾರ ರಿಪೇರಿಯ ಅಜ್ಜನ ಅಂಗಡಿಯ ಹಿಂದೆ, ಬೇರೆಯೇ ಬಾಗಿಲು, ಉತ್ತರಕ್ಕೆ ಎತ್ತರದ ಕಿಟಕಿ. "ಯಾವತ್ತು ಬರ್ತೀಯೋ ಹೇಳು ತಾಯೀ, ಅಲ್ಲೀವರೆಗೆ ಬೀಗ ಹಾಕಿಟ್ಟಿರ್ತೀನಿ," ಎಂದಿದ್ದ ಅಜ್ಜ. ತಂಗಿ ಆ ಕೋಣೆಯ ಚಿತ್ರವನ್ನು ಆ ವಾರದ ಹಾಳೆಯಲ್ಲಿ ಅಕ್ಕನ ಕೈಯಿಂದಲೇ ಬರೆಸಿದಳು. ಕಿಟಕಿಯ ಕೆಳಗೆ 'ನನ್ನ ಮೇಜು', ಮೂಲೆಯಲ್ಲಿ ಪುಸ್ತಕ ಒತ್ತುವ ಪ್ರೆಸ್ಸು. ರಸ್ತೆಯ ಸದ್ದು ಕೇಳತ್ತಾ? ಇಬ್ರು ಎದುರುಬದುರು ಕೂರಬಹುದಾ? ಅಷ್ಟೆಲ್ಲ ವಿಚಾರಿಸಿದಾಗ ಅಕ್ಕನಿಗೆ ಕಣ್ಣು ತುಂಬಿ ಬಂದಿತ್ತು, ಎಷ್ಟು ಅಕ್ಕರೆ ಇವಳಿಗೆ ಎಂದು.

ಅಲ್ಲಿಂದ ಮುಂದೆ ಪ್ರಶ್ನೆಗಳ ಬಣ್ಣ ಬದಲಾಯಿತು. "ಇಷ್ಟು ಅವಸರ ಯಾಕೆ ಅಂತ ನಿನಗೇ ಅನ್ನಿಸಲ್ವಾ?" "ಇನ್ನೊಂದು ತಿಂಗಳು ಕಾದ್ರೆ ಏನು ಕಳ್ಕೊಳ್ತೀಯ?" ಮತ್ತೆ ಹತ್ತರ ಎಣಿಕೆ.

"ಏನೂ ಇಲ್ಲ ಅನ್ಸತ್ತೆ," ಎಂದಳು ಅಕ್ಕ. "ಮುಂದಿನ ತಿಂಗಳೇ ಹೇಳ್ತೀನಿ ಬಿಡು."

"ಇದು ನಿನ್ನದೇ ತೀರ್ಮಾನ ತಾನೇ?"

"ನಂದೇ."

ತಂಗಿ ಬರೆದುಕೊಂಡಳು.

ಹನ್ನೆರಡನೆಯ ಶನಿವಾರ, ತಂಗಿಯ ಮನೆಗೆ ಹೋಗುವ ಮೊದಲು, ಯಾರೂ ಕೇಳದೆಯೇ ಅಕ್ಕ ಒಂದು ಹೆಜ್ಜೆ ಇಟ್ಟಳು. ಅಜ್ಜನ ಅಂಗಡಿಯ ಮುಂದೆ ನಿಂತು, "ಅಜ್ಜಾ, ಒಂದನೇ ತಾರೀಕಿಂದ ಬರ್ತೀನಿ," ಎಂದಳು.

ಅಜ್ಜ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದ. "ಎಲ್ಲಿಗೆ?"

"ಹಿಂದಿನ ಕೋಣೆಗೆ."

"ಅದು ನಿನ್ನ ತಂಗೀದಾಯ್ತಲ್ಲ! ಅಕ್ಕನಿಗೆ ಇನ್ನೂ ಧೈರ್ಯ ಬಂದಿಲ್ಲ, ಬೇಡ ಅಂದ್ಲು ಅಂತ ಅವಳೇ ಬಂದು ಬೀಗದಕೈ ತಗೊಂಡು ಹೋದ್ಲು. ಎರಡು ವಾರ ಆಯ್ತು. ಬಡಗಿ ಬಂದ್ರೆ ತೋರಿಸಿ ಅಂತ ಇದನ್ನೂ ಕೊಟ್ಟಿದ್ದಾಳೆ ನೋಡು."

ಅಜ್ಜ ಡ್ರಾಯರ್‌ನಿಂದ ತೆಗೆದದ್ದು ಕೆನೆಬಣ್ಣದ ದಪ್ಪ ಹಾಳೆ. ಎಡ ಅಂಚಿನಲ್ಲಿ ಸೂಜಿಯ ಐದು ಅರ್ಧ ತೂತು. ಪ್ರೆಸ್ಸಿನ ಮೇಲೆ ಗೀಟು ಹಾಕಿ 'ಬಂದವರ ಕುರ್ಚಿ' ಎಂದು ತಂಗಿಯ ಅಕ್ಷರ. ಕಿಟಕಿಯ ಕೆಳಗೆ 'ನನ್ನ ಮೇಜು' ಮಾತ್ರ ಅಕ್ಕನ ಕೈಬರಹದಲ್ಲೇ ಇತ್ತು. ಅದನ್ನು ತಿದ್ದುವ ಅಗತ್ಯ ಬಿದ್ದಿರಲಿಲ್ಲ.

"ಯಾಕೆ, ನೀವಿಬ್ರೂ ಮಾತಾಡ್ಕೊಂಡಿಲ್ವಾ?"

"ಮಾತಾಡ್ತಾನೇ ಇದೀವಿ ಅಜ್ಜಾ," ಎಂದಳು ಅಕ್ಕ. "ಹನ್ನೊಂದು ವಾರ ಆಯ್ತು."

ನಾಲ್ಕಕ್ಕೆ ಸರಿಯಾಗಿ ಅವಳು ಊಟದ ಮೇಜಿನ ಎದುರು ಕೂತಿದ್ದಳು. ಸಹಿಯ ಫಾರಮ್ಮು, ಪೆನ್ನು, ನೋಟ್‌ಬುಕ್ಕು ಎಲ್ಲ ಸಿದ್ಧವಾಗಿದ್ದವು. "ಇವತ್ತು ಕೊನೇದು ಅಕ್ಕಾ! ಹೇಗನ್ನಿಸ್ತಿದೆ?"

ಅಕ್ಕ ನೋಟ್‌ಬುಕ್ಕನ್ನು ಕೈಗೆತ್ತಿಕೊಂಡು ಬಿಚ್ಚಿದಳು. ಮೊದಲ ವಾರದ ಹಾಳೆ ಜಾರಿ ಮಡಿಲಿಗೆ ಬಿತ್ತು.

"ಅಯ್ಯೋ, ನೀನು ಹೊಲಿದದ್ದೂ ಬಿಚ್ಚಿಹೋಗತ್ತಾ!" ಎಂದು ತಂಗಿ ನಕ್ಕಳು.

ಹೊಲಿದವಳಿಗೆ ಗೊತ್ತಿತ್ತು, ಅದು ತಾನಾಗಿ ಬಿಚ್ಚಿದ್ದಲ್ಲ. ಕಟ್ಟಿನಲ್ಲಿ ಮೊದಲ ಹಾಳೆಯೂ ಎಂಟನೆಯ ಹಾಳೆಯೂ ಮಡಚಿದ ಒಂದೇ ಕಾಗದ. ಎಂಟನೆಯದನ್ನು ಬುಡದಿಂದ ಹರಿದರೆ ಮೊದಲನೆಯದನ್ನು ಹಿಡಿದುಕೊಳ್ಳಲು ದಾರಕ್ಕೆ ಏನೂ ಉಳಿಯುವುದಿಲ್ಲ. ತಂಗಿಗೆ ಇಷ್ಟು ತಿಳಿದಿದ್ದರೆ ನಕಲು ಮಾಡಿಕೊಳ್ಳುತ್ತಿದ್ದಳೇನೋ.

"ಎಂಟನೇ ವಾರದ್ದು ಎಲ್ಲಿ?" ಎಂದು ಕೇಳಿ ಅಕ್ಕ ಎಣಿಸತೊಡಗಿದಳು.

ಮೂರಕ್ಕೆ, "ಅಲ್ಲೇ ಇರ್ಬೇಕು ನೋಡು," ಎಂದಳು ತಂಗಿ. ಆರಕ್ಕೆ, "ಎಲ್ಲೋ ತೆಗೆದಿಟ್ಟೆ." ಹತ್ತಾಯಿತು. ಅಕ್ಕ ನಿಲ್ಲಿಸಲಿಲ್ಲ. ಹನ್ನೊಂದು, ಹನ್ನೆರಡು. ಈ ಮೌನವನ್ನು ಮನೆಗೆ ತಂದವಳೇ ತಂಗಿ. ಇದಿರು ಕೂತು ಅದನ್ನು ತಾಳಿಕೊಳ್ಳುವುದನ್ನು ಮಾತ್ರ ಅವಳು ಕಲಿತಿರಲಿಲ್ಲ.

"ಹಾಗೆ ನೋಡ್ಬೇಡ ಅಕ್ಕಾ. ನಂಗೂ ಒಂದು ಜಾಗ ಬೇಕಿತ್ತು. ಅಡುಗೆಮನೆ ವಾಸನೇಲಿ ಕೂರಿಸ್ಕೊಂಡು ಯಾರ ಜೀವನ ಬದಲಾಯಿಸ್ಲಿ? ನೀನು ಹೇಗೂ ಹೋಗ್ತಿರ್ಲಿಲ್ಲ. ನಾನು ಬೇಡ ಅಂದ್ನಾ, ಒಂದು ಸಲನಾದ್ರೂ? ಮುಂದಿನ ತಿಂಗಳು ಅಂತ ನಿನ್ನ ಬಾಯಿಂದಲೇ ಬಂತು. ಬರೆದಿಟ್ಟಿದ್ದೀನಿ."

ನಿಜ, ಬರೆದಿತ್ತು. ಕೋಣೆ ಹೋದದ್ದಕ್ಕಿಂತ ಅಕ್ಕನನ್ನು ಹೆಚ್ಚು ಸುಟ್ಟದ್ದು ಅದು. ಹೆದರಿಕೆ ಎಲ್ಲಿದೆಯೆಂದು ಅವಳೇ ಬೆರಳಿಟ್ಟು ತೋರಿಸಿದ್ದಳು. ತಂಗಿ ಅಲ್ಲೇ ಒತ್ತಿದ್ದಳು. ಕೊನೆಯ ಮೂರು ವಾರ ತನ್ನ ಬಾಯಿಂದ ಬಂದ ಮಾತುಗಳಲ್ಲಿ ತನ್ನವು ಯಾವುವು, ಇವಳವು ಯಾವುವು? ಮಡಿಲಲ್ಲಿದ್ದ ಹಾಳೆಯನ್ನು ನೋಡಿದಳು. 'ನಂದೇ ಒಂದು ಕೋಣೆ. ಉತ್ತರಕ್ಕೆ ಕಿಟಕಿ.' ಇದಂತೂ ತನ್ನದು. ಇದನ್ನು ಕೇಳಿದ ದಿನ ತಂಗಿಗೆ ಅಕ್ಕನಿಂದ ಸಹಿಯೊಂದನ್ನು ಬಿಟ್ಟು ಬೇರೇನೂ ಬೇಕಿರಲಿಲ್ಲ.

"ಬೆಳಿಗ್ಗೆ ಹೊತ್ತು ಬೇಕಾದ್ರೆ ನೀನೂ ಬಂದು ಕೂತ್ಕೋ," ಎಂದು ತಂಗಿ ಫಾರಮ್ಮನ್ನು ಮೆಲ್ಲಗೆ ಮುಂದೆ ಸರಿಸಿದಳು.

'ಕೋಚ್ ತಮ್ಮ ಇಚ್ಛೆಯನ್ನು ನಿಮ್ಮ ಮೇಲೆ ಹೇರಿದ್ದುಂಟೇ?' ಎಂಬ ಸಾಲು ಅದರಲ್ಲಿತ್ತು, ಹೌದು, ಇಲ್ಲ ಎಂಬ ಎರಡು ಚೌಕಗಳೊಂದಿಗೆ. ಅಕ್ಕ ಅದನ್ನು ಎರಡು ಸಲ ಓದಿದಳು. ಪೆನ್ನಿಗೆ ಮುಚ್ಚಳ ಹಾಕಿ, ಸಡಿಲವಾದ ಹಾಳೆಯನ್ನು ಚೀಲದೊಳಗಿಟ್ಟುಕೊಂಡು ಎದ್ದಳು.

"ಅಕ್ಕಾ, ಏನ್ ಮಾಡ್ತೀಯ ಈಗ?" ಎಂದು ಕೇಳಿದಳು ತಂಗಿ. ಪ್ರತಿ ವಾರವೂ ಅವಳ ಕೊನೆಯ ಪ್ರಶ್ನೆ ಅದೇ ಆಗಿರುತ್ತಿತ್ತು.

"ಇನ್ನೊಂದು ಕೋಣೆ ಹುಡುಕ್ತೀನಿ," ಎಂದಳು ಅಕ್ಕ. "ಎಲ್ಲಿ ಅಂತ ಮಾತ್ರ ನಿನಗೆ ಹೇಳಲ್ಲ."

ಮೆಟ್ಟಿಲು ಇಳಿಯುವಾಗಲೂ ಅವಳೊಳಗೆ ಎಣಿಕೆ ನಿಂತಿರಲಿಲ್ಲ.