ಒಂಬತ್ತನೇ ಮಂಚದ ನಾಡಿ

ಒಂದು ದಿನವೂ ತಪ್ಪಿಸದೆ ನರ್ಸಿಂಗ್ ಮುಗಿಸುತ್ತೇನೆಂದು ಹತ್ತನೇ ವಯಸ್ಸಿನಲ್ಲೇ ಮಗಳು ಅಮ್ಮನಿಗೆ ಮಾತು ಕೊಟ್ಟಿದ್ದಳು. ಅದೇ ಓದನ್ನು ಅರ್ಧಕ್ಕೇ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು ಅಮ್ಮ. ನರ್ಸಿಂಗ್ ಕಾಲೇಜಿನ ಮೂರನೇ ವರ್ಷದವರೆಗೂ ಮಾತು ಅಲುಗಲಿಲ್ಲ. ಓದು, ವಾರ್ಡು, ಮತ್ತೆ ಓದು. ಈಗ ಇಪ್ಪತ್ತು ದಿನದಿಂದ ಕಣ್ಣೇ ಹತ್ತುತ್ತಿರಲಿಲ್ಲ. ಹಾಸ್ಟೆಲಿನ ಸ್ನಾನದಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತು, ಮುಖ ತೊಳೆದು, ಎಲ್ಲರಿಗಿಂತ ಮೊದಲು ವಾರ್ಡಿಗೆ ಬರುತ್ತಿದ್ದಳು.

ಆ ಸೋಮವಾರ ಬೆಳಿಗ್ಗೆ ವಾರ್ಡಿನ ಹಿರಿಯ ಸಿಸ್ಟರ್ ಚಾರ್ಟು ಹಿಡಿದು ಕರೆದರು.

"ಒಂಬತ್ತನೇ ಮಂಚದ ನಾಡಿ ಎಪ್ಪತ್ತೆಂಟು ಅಂತ ಬರೆದಿದ್ದೀಯಲ್ಲಮ್ಮ, ನೀನೇ ನೋಡಿದ್ಯಾ?"

"ಹೌದು ಸಿಸ್ಟರ್."

"ಆ ಅಜ್ಜಿ ನಿನ್ನೆ ಸಂಜೆನೇ ಮನೆಗೆ ಹೋದ್ರು. ನೀನು ಹಿಡಿದಿದ್ದು ದಿಂಬಿನ ಕೈಯಾ?"

ಪಕ್ಕದಲ್ಲಿದ್ದ ಹಾಸ್ಟೆಲಿನ ಗೆಳತಿ ಕಿಸಕ್ಕನೆ ನಕ್ಕಳು. ಮಗಳಿಗೂ ನಗು ಬಂತು. ಆದರೆ ಆ ಮಂಚದ ಹತ್ತಿರ ನಿಂತದ್ದೇ ಅವಳಿಗೆ ನೆನಪಿರಲಿಲ್ಲ. ಹತ್ತನೇ ಮಂಚದಲ್ಲಿ ನಿನ್ನೆಯಷ್ಟೇ ಆಪರೇಷನ್ ಆದ ಹೆಂಗಸಿದ್ದಳು. ಅವಳ ನಾಡಿಯನ್ನಾದರೂ ನಿಜಕ್ಕೂ ನೋಡಿದ್ದೆನೇ?

ಸಿಸ್ಟರ್ ಅತ್ತ ತಿರುಗಿದಾಗ ಗೆಳತಿ ಪಿಸುಗುಟ್ಟಿದಳು: "ಮಂಚದ ನಂಬರು ತಪ್ಪಿತು ಅಂದ್ಬಿಡು. ನಿದ್ದೆ ವಿಷಯ ಬಾಯಿಬಿಟ್ರೆ ಮನೆಗೆ ಕಳಿಸ್ತಾರೆ. ಹಾಜರಿ ಕಮ್ಮಿಯಾದ್ರೆ ಪರೀಕ್ಷೆಗೆ ಕೂರಿಸಲ್ಲ ಕಣೇ."

ಮಗಳು ಪೆನ್ನಿಗೆ ಮುಚ್ಚಳ ಹಾಕಿದಳು.

"ಸಿಸ್ಟರ್, ಹತ್ತನೇ ಮಂಚದವರನ್ನ ಈಗಲೇ ಬೇರೆ ಯಾರಾದ್ರೂ ನೋಡ್ಲಿ. ಬೆಳಿಗ್ಗೆಯಿಂದ ನಾನು ಬರೆದಿರೋದು ಯಾವುದನ್ನೂ ನಂಬಬೇಡಿ. ಇಪ್ಪತ್ತು ದಿನದಿಂದ ನಿದ್ದೆಯಿಲ್ಲ. ಕೂತ್ರೂ ನಿಂತ್ರೂ ಅಳು ಬರುತ್ತೆ. ನನಗೆ ಡಾಕ್ಟರ್ ಬೇಕು."

ಸಿಸ್ಟರ್ ಗೆಳತಿಯನ್ನು ಹತ್ತನೇ ಮಂಚಕ್ಕೆ ಅಟ್ಟಿದರು. ಆಮೇಲೆ ಮಗಳ ಕಡೆ ತಿರುಗಿ, "ಮನಸ್ಸಿನ ಡಾಕ್ಟರ್ ಕೆಳಗಿನ ಮಹಡೀಲೇ ಇದಾರೆ. ನಡಿ, ನಾನೇ ಬರ್ತೀನಿ. ಆದ್ರೆ ಒಂದು ವರ್ಷ ಹಿಂದೆ ಬೀಳ್ತೀಯ, ಗೊತ್ತಲ್ಲ?" ಎಂದರು.

"ಬಿದ್ರೆ ಎದ್ದು ಬರ್ತೀನಿ ಸಿಸ್ಟರ್."

ಡಾಕ್ಟರು ಮುಕ್ಕಾಲು ಗಂಟೆ ಕೇಳಿಸಿಕೊಂಡರು. ಪ್ರತಿ ವಾರ ಬರಲು ಹೇಳಿ, ಆರು ವಾರದ ರಜೆಗೆ ಬರೆದುಕೊಟ್ಟರು. ಮಗಳು ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನು ಮಾಡಿದಳು.

"ಅಮ್ಮ, ಆರು ವಾರ ರಜೆ ಹಾಕ್ತಿದೀನಿ. ಓದು ಬಿಡ್ತಿಲ್ಲ. ವಾಪಸ್ ಬಂದು ಮುಗಿಸೇ ಮುಗಿಸ್ತೀನಿ. ನಿದ್ದೆ ಬರ್ತಿಲ್ಲಮ್ಮ."

ಆ ಕಡೆ ಹೊಲಿಗೆ ಯಂತ್ರ ನಿಂತಿತು.

"ಎಷ್ಟು ದಿನದಿಂದ?"

"ಇಪ್ಪತ್ತು."

"ಇಪ್ಪತ್ತು ದಿನ ನನ್ನ ಹತ್ರ ಊಟ ಆಯ್ತು, ನಿದ್ದೆ ಆಯ್ತು ಅಂದ್ಯಲ್ಲೇ, ಕತ್ತೆ." ಅಮ್ಮ ಕುರ್ಚಿ ಸರಿಸಿ ಎದ್ದ ಸದ್ದು ಕೇಳಿಸಿತು. "ಎಷ್ಟು ಗಂಟೆ ಬಸ್ಸಿಗೆ ಬರ್ತೀಯ?"

ಮಗಳು ಎದ್ದು ಕಾಲೇಜಿನ ಕಚೇರಿಗೆ ಹೋಗಿ ರಜೆಯ ಅರ್ಜಿಗೆ ಸಹಿ ಹಾಕಿದಳು. ಒಂದು ದಿನವೂ ತಪ್ಪಿಸುವುದಿಲ್ಲವೆಂದು ಅಮ್ಮನಿಗೆ ಕೊಟ್ಟಿದ್ದ ಮಾತು ಅಲ್ಲಿಗೆ ಮುರಿಯಿತು.