ಬೀಗದ ಗಿರಾಕಿಗಳು

ಬೀಗದ ಕಾರ್ಖಾನೆಯ ತಪಾಸಣೆಯವರನ್ನು ಎಲ್ಲರೂ ಬೀಗದಯ್ಯ ಎಂದೇ ಕರೆಯುತ್ತಿದ್ದರು. ಪ್ರತಿಯೊಂದು ಬೀಗವನ್ನೂ ಕಿವಿಗೆ ಹಿಡಿದು, ಏಳು ಸಲ ತೆರೆದು ಮುಚ್ಚಿದ ಮೇಲೆಯೇ ಅವರು ಅದನ್ನು ಪೆಟ್ಟಿಗೆಗೆ ಬಿಡುತ್ತಿದ್ದುದು. ಒಳಗಿನ ಸ್ಪ್ರಿಂಗು ಅಗ್ಗದ್ದಾದಂದಿನಿಂದ ಆ ಕಿವಿಗೆ ನೆಮ್ಮದಿಯಿರಲಿಲ್ಲ. ಒಂದೆರಡು ಸಲ ಹೇಳಿ ನೋಡಿದರು. ಧಣಿಗಳು ನಕ್ಕು ಮಾತು ತೇಲಿಸಿದರು. ಕೈ ಚುರುಕಿದ್ದ ಫಿಟ್ಟರುಗಳು ಒಬ್ಬೊಬ್ಬರಾಗಿ ಬೇರೆ ದಾರಿ ಹಿಡಿದರು. ಉಳಿದವರು ಉಪ್ಪಿನ ಋಣದವರು.

ಆ ಉಳಿದವರಿಗೆ ಹೊಳೆದ ಉಪಾಯವೇ ಬೇರೆ. ಮಾರಾಟ ಕುಸಿದರೆ ಧಣಿಗಳು ಎದೆಗುಂದಿಯಾರೆಂದು, ಶನಿವಾರ ಶನಿವಾರ ತಮ್ಮ ಗುರುತಿಲ್ಲದ ಅಂಗಡಿಗಳಿಗೆ ಹೋಗಿ, ತಾವೇ ಮಾಡಿದ ಬೀಗಗಳನ್ನು ತಾವೇ ಕೊಂಡು ತರತೊಡಗಿದರು. ಬೀಗದಯ್ಯನವರ ಮಂಚದಡಿ ಒಂದು ಟ್ರಂಕು ತುಂಬಿತು.

"ಕಳ್ಳ ಬಂದ್ರೆ ಕದಿಯೋಕೆ ಬೀಗ ಬಿಟ್ರೆ ಇನ್ನೇನಿದೆ ಈ ಮನೇಲಿ," ಎಂದು ಹೆಂಡತಿ ಚುಚ್ಚುತ್ತಿದ್ದರು.

ಒಂದು ಸೋಮವಾರ ಧಣಿಗಳು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ಎಷ್ಟೋ ದಿನಗಳ ಮೇಲೆ ಮುಖದಲ್ಲಿ ಕಳೆಯಿತ್ತು. ಅಂಗಡಿಗಳ ಬೇಡಿಕೆ ನಿಂತಿಲ್ಲ, ಜನ ಈ ಬೀಗವನ್ನೇ ಒಪ್ಪಿದ್ದಾರೆ, ಆದ್ದರಿಂದ ಮಾರಾಟ ಬಿದ್ದೀತೆಂದು ಹಾಕಿಕೊಂಡಿದ್ದ ಗಟ್ಟಿ ಸ್ಪ್ರಿಂಗಿನ ಹೊಸ ಬೀಗದ ಯೋಚನೆಯನ್ನೇ ಕೈಬಿಟ್ಟೆ ಎಂದರು. ಯಾರೋ ಚಪ್ಪಾಳೆ ತಟ್ಟಿದರು.

ಬೀಗದಯ್ಯನವರಿಗೆ ಗೊತ್ತಿತ್ತು: ಆ ಹೊಸ ಬೀಗವೊಂದೇ ಕಾರ್ಖಾನೆಗೆ ಉಳಿದಿದ್ದ ದಾರಿ; ಅದನ್ನು ಮುಚ್ಚಿದ್ದು ತಮ್ಮೆಲ್ಲರ ಅಕ್ಕರೆ. ಹೇಳಿದರೆ ಮೂವತ್ತು ಜನರ ಮಾನ ಹೋಗುತ್ತದೆ, ಹೇಳದಿದ್ದರೆ, ಅನ್ನ. ಪಕ್ಕದಲ್ಲಿದ್ದ ಪಾಲಿಶಿನವನು ತೋಳು ಹಿಡಿದು, ಸುಮ್ಮನಿರಿ ಎಂದು ಕಣ್ಣಲ್ಲೇ ಬೇಡಿದ.

"ಧಣಿ, ಆ ಜನ ನಾವೇ," ಎಂದರು ಬೀಗದಯ್ಯ.

ಧಣಿಗಳಿಗೆ ಅರ್ಥವಾಗಲಿಲ್ಲ. ಬೀಗದಯ್ಯ ವಾರವಾರದ ಕತೆಯನ್ನು ಬಿಡಿಸಿ ಹೇಳಿದರು. ಸುತ್ತಲೂ ತಲೆಗಳು ತಗ್ಗಿದವು.

"ಹೊರಗಿನೋರು ಒಬ್ರೂ ಕೊಳ್ಳಲಿಲ್ವಾ?" ಎಂದರು ಧಣಿಗಳು.

"ಒಬ್ರು ಕೊಂಡಿದ್ರು. ನಾನು ಅಂಗಡೀಲಿ ನಿಂತಿದ್ದಾಗಲೇ ವಾಪಸ್ ಕೊಡೋಕೆ ಬಂದ್ರು."

ಯಾರೂ ನಗಲಿಲ್ಲ. ಧಣಿಗಳು ಕಚೇರಿಗೆ ಹೋಗಿ ಫೋನು ಎತ್ತಿದ್ದು ಕಿಟಕಿಯ ಗಾಜಿನಾಚೆ ಕಂಡಿತು. ಅವರು ಆಡಿದ್ದು ಕಡಿಮೆ, ಕೇಳಿಸಿಕೊಂಡದ್ದೇ ಹೆಚ್ಚು. ಹೊರಬಂದಾಗ ದನಿ ಸಣ್ಣದಾಗಿತ್ತು.

"ಹೊಸ ಬೀಗದ ಅಚ್ಚು ಬೇಡ ಅಂತ ಅಚ್ಚು ಮಾಡೋರಿಗೆ ಹೋದ ವಾರಾನೇ ಹೇಳಿಬಿಟ್ಟಿದ್ದೆ. ಈಗ ಬೇರೆಯವರ ಕೆಲಸ ಹಿಡಿದಿದ್ದಾರಂತೆ. ಮುಂದಿನ ವರ್ಷ ನೋಡೋಣ ಅಂದ್ರು."

ಮುಂದಿನ ವರ್ಷದವರೆಗೆ ಕಾರ್ಖಾನೆ ಉಳಿದೀತೇ ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಪಾಲಿಶಿನವನು ತೋಳು ಬಿಟ್ಟು, ಬೀಗದಯ್ಯನವರಿಂದ ಎರಡು ಹೆಜ್ಜೆ ದೂರ ಸರಿದು ನಿಂತ.