ಕರೆಂಟು ಬಂದ ಮೊದಲ ನಿಮಿಷ

ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತ ಅರ್ಧ ಚೀಲ ಮುಗಿಸಿದ್ದೆ. ಎದುರಿಗೆ ಮೊಮ್ಮಗಳು ಸ್ನೇಹಲ್ ಕಂಪ್ಯೂಟರ್ ಮುಂದೆ ತಲೆ ಹಿಡಿದು ಕೂತಿದ್ದಳು.

“ಮತ್ತ ಸುಡಲಿಲ್ಲೇನ?”

“ಇಲ್ಲ ಆಯಿ. ಸುಡಬೇಕಾಗಿತ್ತು.”

ಸುಡಬೇಕಾದದ್ದು ಟ್ರಾನ್ಸ್‌ಫಾರ್ಮರ್, ಅದೂ ಕಂಪ್ಯೂಟರಿನೊಳಗೆ. ನಮ್ಮ ಹೂಲಿಯಲ್ಲಿ ಹೋದ ವರ್ಷ ಖರೇನೇ ಎರಡು ಸುಟ್ಟು, ಇಪ್ಪತ್ತು ದಿನ ಹೊಲಕ್ಕೆ ನೀರಿರಲಿಲ್ಲ. ಏನು ಮಾಡಬೇಕೆಂದು ವಿದ್ಯುತ್ ಕಚೇರಿಗೆ ಬರೆದು ತಿಳಿಸುವ ಕೆಲಸ ಸ್ನೇಹಲ್‌ಳ ಕಾಲೇಜಿಗೆ ಬಂದಿತ್ತು. ಅವಳು ಹೂಲಿಯ ಒಂದೊಂದು ಮೋಟಾರಿಗೂ ಮೀಟರ್ ಕಟ್ಟಿ, ಬೋರಿನ ಆಳ, ಪೈಪಿನ ಉದ್ದ ಎಲ್ಲ ಸೇರಿಸಿ ಕಂಪ್ಯೂಟರಿನಲ್ಲಿ ಊರನ್ನೇ ಕಟ್ಟಿದಳು. ಖರೇ ಸುಟ್ಟ ಹಾಗೆಯೇ ಅಲ್ಲಿಯೂ ಸುಟ್ಟಿತು. ಆದರೆ ಒಂದೂರಿನ ಲೆಕ್ಕಕ್ಕೇ ಕಂಪ್ಯೂಟರಿಗೆ ಎರಡು ದಿನ ಹಿಡಿಯಿತು. ಕಚೇರಿ ಕೇಳಿದ್ದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ತಾಲೂಕಿಗೆ ವರ್ಷಗಳೇ ಬೇಕು. ಅದಕ್ಕೆ ಒಂದು ಟ್ರಾನ್ಸ್‌ಫಾರ್ಮರಿನ ಮೋಟಾರುಗಳನ್ನೆಲ್ಲ ಕೂಡಿಸಿ ಒಂದೇ ದೊಡ್ಡ ಮೋಟಾರು ಮಾಡಿದಳು. ಚಹಾ ಕುದಿಯುವುದರೊಳಗೆ ಉತ್ತರ ಬಂತು, ಏನೂ ಸುಡಲಿಲ್ಲ. ಮೂರು ತಿಂಗಳಿಂದ ಪತ್ರ ಅರ್ಧಕ್ಕೇ ನಿಂತಿತ್ತು.

“ಆ ದೊಡ್ಡ ಮೋಟಾರ ಮುಂಜಾನೆ ಎಷ್ಟಕ್ಕ ಚಾಲೂ ಆಗತೈತಿ?”

“ಒಬ್ಬರು ಆರಕ್ಕ ಅಂದ್ರು, ಒಬ್ಬರು ಎಂಟಕ್ಕ. ಹಂಗ ಲೋಡ್ ಸಾವಕಾಶ ಏರತೈತಿ. ಜನಾ ಹೇಳಿದ್ದ ಹಾಕೇನಿ.”

ನನ್ನ ಕೈ ನಿಂತಿತು. ಎಂಟಕ್ಕೆ ಎಂದವಳು ನಾನೇ.

“ಸುಳ್ಳ ಹೇಳೇವಿ, ಸ್ನೇಹಾ. ಎಲ್ಲಾರೂ ಸ್ಟಾರ್ಟರಿಗೆ ಆಟೋ ಕೂಡ್ಸೇವಿ. ಕರೆಂಟ್ ಬಂದ ಕೂಡ್ಲೇ ಮೋಟಾರ ಎಲ್ಲಾ ತಾವಾಗೇ ಒಮ್ಮಿಗೇ ಏಳತಾವ. ಆಫೀಸಿನವ್ರು ಆಟೋ ಕೀಳತೇವಿ ಅಂದಾರ, ಯಾರ ಬಾಯಿ ಬಿಡತಾರ?”

ಅವಳು ಮೀಟರಿನ ಸಾವಿರಾರು ಸಾಲು ತೆರೆದು ಹುಡುಕಿದಳು. ಒಂದು ಟ್ರಾನ್ಸ್‌ಫಾರ್ಮರಿನ ಹದಿನೆಂಟರಲ್ಲಿ ಹದಿನಾರು ಮೋಟಾರು ಒಂದೇ ನಿಮಿಷಕ್ಕೆ ಎದ್ದಿದ್ದವು.

“ಇದನ್ನ ಬಿಟ್ಟು ಪೈಪಿನ ಉದ್ದ ಹಿಡದ ಕುಂತಿದ್ನೆಲ್ಲ! ಆದ್ರ ಉಳದ ಊರಾಗ ಮೀಟರ್ ಇಲ್ಲ. ಎಷ್ಟ ಆಟೋ ಅದಾವಂತ ಯಾರ ಹೇಳತಾರ?”

“ನಾ ಕೇಳತೇನಿ, ನಡಿ.”

ಹನ್ನೆರಡು ದಿನ ಬಸ್ಸಿನಲ್ಲಿ ತಿರುಗಿದೆವು. ಸಾಲಹಳ್ಳಿಯಲ್ಲಿ ಮಲಕಾಜಪ್ಪ ಎಂಬ ರೈತ, ಎದುರಿನ ಹೊಲದಲ್ಲಿ ತನ್ನ ಮೋಟಾರು ನೀರೆತ್ತುತ್ತಿದ್ದರೂ, ಕಟ್ಟೆ ಮೇಲೆ ಕೂತು ನಕ್ಕ. “ನಮ್ಮಲ್ಲಿ ಆಟೋ ಅಂದ್ರ ಮೂರ ಗಾಲೀದಷ್ಟರಿ, ಆಯಿ.”

“ಹೌದೇನಪಾ? ನೀ ಇಲ್ಲೇ ಕುಂತಿ, ಅಲ್ಲಿ ನಿನ್ನ ಮೋಟಾರ ಎಮ್ಮಿ ಚಾಲೂ ಮಾಡೇತೇನ?”

ಕಟ್ಟೆಯವರೆಲ್ಲ ನಕ್ಕರು. ಅವನು ದನಿ ತಗ್ಗಿಸಿದ. “ಹೆಸರ ಬರೀಬ್ಯಾಡ್ರಿ.”

“ಹೆಸರ ಯಾರಿಗೆ ಬೇಕೋ? ಎಷ್ಟ ಅನ್ನೂದು ಸಾಕು. ಮೊದಲನೇದು ನಂದ ಐತಿ.”

ದೊಡ್ಡ ಮೋಟಾರಿಗೆ ಸ್ನೇಹಲ್ ಒಂದೇ ಅಂಕಿ ಸೇರಿಸಿದಳು: ಮೊದಲ ನಿಮಿಷಕ್ಕೆ ಏಳುವವು ಎಷ್ಟು. ಉಳಿದದ್ದೆಲ್ಲ ಕೈಬಿಟ್ಟಳು. ನಾಲ್ಕು ತಾಲೂಕಿನಲ್ಲೂ ಖರೇ ಸುಟ್ಟಲ್ಲೇ ಕಂಪ್ಯೂಟರಿನಲ್ಲೂ ಸುಟ್ಟಿತು. ಮೋಟಾರು ಒಂದಾದ ಮೇಲೊಂದು ಏಳುವಂತೆ ಆಟೋಗಳ ನಡುವೆ ಎರಡೆರಡು ನಿಮಿಷ ತಡ ಇಟ್ಟು ನೋಡಿದಳು, ಒಂದೂ ಸುಡಲಿಲ್ಲ. ಆಟೋ ಕೀಳಬೇಡಿ, ತಡ ಇಡಿಸಿರಿ ಎಂದು ಪತ್ರ ಮುಗಿಸಿದಳು.

ಸವದತ್ತಿ ಅಂಚೆ ಕಚೇರಿಯ ಬಾಗಿಲಲ್ಲಿ ನಿಂತುಬಿಟ್ಟಳು. “ಆಯಿ, ಬೋರಿನ ಆಳ ಒಂದ ಸೇರಿಸಿ ಮತ್ತೊಮ್ಮಿ ನೋಡ್ಲೇನ?”

“ಅದ ಸೇರಿಸಿದ್ರ ಉತ್ತರ ಬದಲಾಗತೈತೇನ?”

“ಇಲ್ಲ.”

“ಹಂಗಾರ ತಾ ಇಲ್ಲಿ.”

ಲಕೋಟೆ ಇಸಿದುಕೊಂಡು ಕಿಂಡಿಯೊಳಗೆ ಕೊಟ್ಟೆ. ಒಳಗಿದ್ದವಳು ತೂಗಿ, ಚೀಟಿ ಅಂಟಿಸಿ, ಹಿಂದಿನ ಚೀಲಕ್ಕೆ ಹಾಕಿದಳು.